ಕಮಲಾಪುರದ ಮಿಸ್ತ್ರಿ ಬರೆದಿಟ್ಟದ್ದು

ಕಲಬುರಗಿಯ ಗಾಜಿಪುರ ಓಣಿಯ ಆ ಮನೆಯಲ್ಲಿ ಅಪ್ಪ ಮಗನ ನಡುವೆ ಮಾತು ನಿಂತು ಏಳು ವರ್ಷವಾಗಿತ್ತು. ಪೂರ್ತಿ ನಿಂತಿತ್ತು ಅನ್ನುವ ಹಾಗಿಲ್ಲ, ಸೊಸೆ ಕಸ್ತೂರಿಬಾಯಿಯ ಮೇಲೆ ಹಾದು ಹೋಗುತ್ತಿತ್ತು. ಒಂದೇ ಪಡಸಾಲೆಯಲ್ಲಿ ಕೂತು ದೌಲಪ್ಪ, "ಅಂವಗ ಹೇಳು, ನಳ ಸೋರಾಕತ್ತದ" ಅನ್ನುವನು. ಎದುರಿಗೇ ಕೂತ ದೇವೀಂದ್ರಪ್ಪ ತಾಟಿನಿಂದ ತಲೆ ಎತ್ತದೆ, "ನಾಳಿಗಿ ಮಾಡಸ್ತಾನಂತ ಹೇಳು" ಅನ್ನುವನು. ಕಸ್ತೂರಿಬಾಯಿ ಯಾರಿಗೂ ಏನೂ ಹೇಳುತ್ತಿರಲಿಲ್ಲ. ರೊಟ್ಟಿ ಬುಟ್ಟಿ ಹಿಡಿದು ನಡುವೆ ನಿಂತಿರುತ್ತಿದ್ದಳು. ಅಷ್ಟಾದರೆ ಸಾಕಿತ್ತು.

ಕಾರಣ ಸಣ್ಣದೇ. ದೌಲಪ್ಪ ಮಾರುಕಟ್ಟೆ ಗೇಟಿನಲ್ಲಿ ಚೀಟಿ ನೋಡುವ ಮುನ್ಷಿಯಾಗಿದ್ದ. ಪಿಂಚಣಿಗೆ ಇನ್ನೆರಡು ತಿಂಗಳಿರುವಾಗ ಮಗನ ಬಾಳೆಗೊನೆಯ ಬಂಡಿ ಚೀಟಿಯಿಲ್ಲದೆ ಗೇಟಿನೊಳಗೆ ಬಂತು. ದೌಲಪ್ಪ ಬಂಡಿ ನಿಲ್ಲಿಸಿ, ಹಮಾಲರು ದಲಾಲರು ಎಲ್ಲರ ಎದುರಿಗೆ ಮಗನಿಗೇ ದಂಡ ಹಾಕಿದ. "ಗೇಟಿಗಿ ಮಕ್ಕಳಿರೂದಿಲ್ಲ" ಎಂದು ರಸೀದಿ ಹರಿದು ಕೈಗಿಟ್ಟ. ಜನ ನಕ್ಕರು. ಆ ನಗು ಏಳು ವರ್ಷವಾದರೂ ದೇವೀಂದ್ರಪ್ಪನ ಕಿವಿಯಿಂದ ಇಳಿದಿರಲಿಲ್ಲ.

ಜೀಪಿನ ಮಾತು ಬಂದದ್ದು ತೊಂಬತ್ಮೂರರ ದೀಪಾವಳಿ ಕಳೆದ ಮೇಲೆ, ಸಂಜೆಯ ಊಟಕ್ಕೆ.

"ಖೂಬಾ ಪ್ಲಾಟಿನಾಗ ಒಂದು ಜೀಪ್ ಮಾರಾಕ ಅದ," ಎಂದ ದೇವೀಂದ್ರಪ್ಪ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತ. "ಡೀಸೆಲ್ಲಿಂದು. ನಾಕೂ ಗಾಲಿ ಎಳೀತಾವ. ಮಳಿಗಾಲದಾಗ ಕಮಲಾಪುರದ ತೋಟದ ರಾಡ್ಯಾಗ ಬಂಡಿ ಸಿಕ್ಕೊಂತದ, ಅದು ಸಿಕ್ಕೋದಿಲ್ಲ."

"ಬಸ್ಸಿಗಿ ಏನ್ ಬ್ಯಾನಿ ಬಂದದ?" ಅಂದಳು ಅವನ ತಾಯಿ ಸೂಗಮ್ಮ.

"ಬಸ್ಸಿನ ಟಪ್ಪಿನ ಮ್ಯಾಲ ಹಾಕಿದ ಕೆಂಪು ಬಾಳಿ ಕಲಬುರಗಿಗಿ ಬರೂದ್ರಾಗ ಚಟ್ನಿ ಆಗ್ತದ, ಅವ್ವಾ."

ಮಗಳು ಜಗದೇವಿ ಅಪ್ಪನ ಪರ. ಇಪ್ಪತ್ತರ ಹುಡುಗಿ, ಕಮಲಾಪುರದ ಒಂದು ಖಾಸಗಿ ಶಾಲೆಯಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುವವಳು. "ನಮ್ಮ ಸಾಲಿಗಿ ಇಲ್ಲಿಂದ ಇನ್ನೂ ಐದು ಮಂದಿ ಬರ್ತಾರ, ಆಯಿ. ಬಸ್ಸಿಗಿ ಕೊಡೂ ರೊಕ್ಕ ಅಪ್ಪಗ ಕೊಡ್ತೀವಿ ಅಂತಾರ. ಮುಂಜಾನಿ ನಾವು ಹೋಗೂದು, ಸಂಜಿಗಿ ಗೊನಿ ಜೋಡಿ ಹಣ್ಣಾಗಿ ಬರೂದು."

ದೌಲಪ್ಪ ಗಂಟಲು ಸರಿಮಾಡಿಕೊಂಡ. "ಅಂವಗ ಹೇಳು. ಹಳೇ ಗಾಡಿ ತಗೊಳ್ಳೂದು ಅಂದ್ರ ಗಬ್ಬಾದ ಎಮ್ಮಿ ತಗೊಂಡಂಗ. ಮಾರಾಂವ ಕೆಚ್ಚಲ ಅಷ್ಟೇ ತೋರಸ್ತಾನ. ಎಷ್ಟ ಸಲ ಬಿದ್ದದ, ಎಷ್ಟ ಸಲ ದವಾಖಾನಿ ಕಂಡದ, ಅದನ್ನ ಕೇಳು ಅನ್ನು."

"ಕೇಳ್ಯಾನಂತ ಹೇಳು," ಎಂದ ದೇವೀಂದ್ರಪ್ಪ. "ಯಾವ ತಾರೀಖಿಗಿ ಆಯಿಲ್ ಬದಲಿ ಮಾಡ್ಯಾರ, ಯಾವಾಗ ಬ್ರೇಕ್ ನೋಡ್ಯಾರ, ಅದಕ್ಕೊಂದು ಪುಸ್ತಕನ ಅದಂತ."

ಮುಂದಿನ ಆದಿತ್ಯವಾರ ಗಂಡ ಹೆಂಡತಿ ಇಬ್ಬರೂ ಖೂಬಾ ಪ್ಲಾಟ್ ಬಡಾವಣೆಗೆ ಹೋದರು. ಜೀಪು ರಸ್ತೆ ಗುತ್ತಿಗೆದಾರ ಗೋಪಾಲರಾಯರದು. ರಾಯರು ತೀರಿ ವರ್ಷ ತುಂಬಿತ್ತು. ಹೆಂಡತಿ ಇಂದೂಬಾಯಿ ದೇವರ ಕೋಣೆಯಿಂದ, ಪಂಚಾಂಗದ ಜೊತೆ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಸರ್ವಿಸ್ ಪುಸ್ತಕ ತಂದುಕೊಟ್ಟಳು.

"ನಾ ಹುಟ್ಟಿದ ದಿನ ನಮ್ಮವರು ಮರೀತಿದ್ರು ನೋಡ್ರಿ. ಇದರ ಆಯಿಲಿನ ದಿನ ಎಂದೂ ಮರೀಲಿಲ್ಲ."

ಮುತ್ತು ಪೋಣಿಸಿದಂಥ ಅಕ್ಷರ. ತಾರೀಖು, ಓಡಿದ ಕಿಲೋಮೀಟರು, ಹಾಕಿದ ಸಾಮಾನು. ದೇವೀಂದ್ರಪ್ಪ ಎರಡು ಪುಟ ನೋಡಿ ತಲೆದೂಗಿ ಎಂಜಿನ್ ಕಡೆ ನಡೆದ. ಅವನು ಕರೆತಂದಿದ್ದ ಗ್ಯಾರೇಜಿನವನು ಬಾನೆಟ್ಟು ಎತ್ತಿ, ಹೊಗೆ ನೋಡಿ, "ಎಂಜಿನ್ ಕುದುರಿ ಇದ್ದಂಗ ಅದ" ಎಂದ. ಬಗ್ಗಿ ಕೆಳಗೂ ಇಣುಕಿದ. ಕೆಳಗೆಲ್ಲ ಹೊಸದಾಗಿ ಕರಿ ಬಣ್ಣ ಬಳಿದಿತ್ತು. "ತುಕ್ಕು ಹಿಡೀಬಾರ್ದು ಅಂತ ಬಳಸೀನ್ರಿ," ಅಂದಳು ಇಂದೂಬಾಯಿ.

ಕಸ್ತೂರಿಬಾಯಿ ಏಳನೇ ಇಯತ್ತೆ ಪಾಸಾದವಳು. ಪುಸ್ತಕವನ್ನು ಕಟ್ಟೆಯ ಮೇಲಿಟ್ಟುಕೊಂಡು ಒಂದೊಂದೇ ಪುಟ ತಿರುವಿದಳು. ತೊಂಬತ್ತರ ಜೂನಿನಲ್ಲಿ ನಲವತ್ತೊಂದು ಸಾವಿರ. ಅದರ ಕೆಳಗಿನ ಸಾಲು ಮುಂದಿನ ವರ್ಷದ ಫೆಬ್ರುವರಿ, ಐವತ್ತೆರಡು ಸಾವಿರ.

"ಇಲ್ಲಿ ಎಂಟು ತಿಂಗಳು ಏನೂ ಬರದಿಲ್ಲಲ್ರೀ, ಬಾಯಿಯವರೆ?"

ಇಂದೂಬಾಯಿ ಕನ್ನಡಕ ಏರಿಸಿ ನೋಡಿದಳು. "ಹೌದಲ್ಲ. ಆವಾಗ ಕಮಲಾಪುರದ ಕಡೆ ರಸ್ತಾ ಕೆಲಸ ಇತ್ತು. ಗಾಡಿ ಅಲ್ಲೇ ಇರ್ತಿತ್ತು. ಅಲ್ಲೊಬ್ಬ ಮಿಸ್ತ್ರಿ ನೋಡ್ಕೊಂತಿದ್ದ, ಅವನೂ ಒಂದು ಪುಸ್ತಕ ಇಟ್ಟಿದ್ದ. ನನಗ ಗೊತ್ತಿಲ್ಲದ್ದು ನಾ ಹೇಳಂಗಿಲ್ಲ. ಹೋಗಿ ನೋಡ್ಕೊಂಡು ಬರ್ರಿ, ಆಮ್ಯಾಲ ವ್ಯವಹಾರ."

ದೇವೀಂದ್ರಪ್ಪ ಕಮಲಾಪುರಕ್ಕೆ ದಿನಾ ಹೋಗುವವನೇ. ವಿಚಾರಿಸಿಕೊಂಡು ಬಂದ. ಮಿಸ್ತ್ರಿ ಸತ್ತಿದ್ದಾನೆ. ಅವನ ಹೆಂಡತಿ ಖುರ್ಷೀದ್ ಬೇಗಂ ಗಂಡನ ಪುಸ್ತಕಗಳನ್ನು ಟ್ರಂಕಿನಲ್ಲಿಟ್ಟಿದ್ದಾಳೆ. ಎಲ್ಲವೂ ಉರ್ದು.

ಅದನ್ನು ಹೇಳಿ, ರೊಟ್ಟಿ ಮುರಿದು, ಮುರಿದ ತುಂಡನ್ನು ತಾಟಿನಲ್ಲೇ ಬಿಟ್ಟು, ದೇವೀಂದ್ರಪ್ಪ ತಲೆ ಎತ್ತಿದ.

"ಅಪ್ಪಾ, ಉರ್ದು ನೀವ್ ಓದಿ ಹೇಳ್ತೀರೇನು?"

ಒಲೆಯ ಮುಂದೆ ಕಸ್ತೂರಿಬಾಯಿಯ ಕೈ ಹಿಟ್ಟಿನ ಮೇಲೇ ನಿಂತಿತು. ಸೂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯಾಕ ಓದೂದಿಲ್ಲ?" ಎಂದ ದೌಲಪ್ಪ. "ನಿಜಾಮನ ಸಾಲ್ಯಾಗ ಎಂಟನೇ ಜಮಾತ ತನಕ ಓದೀನಿ. ಉರ್ದು ನನಗ ನೀರು ಕುಡದಂಗ."

ಕಸ್ತೂರಿಬಾಯಿ ಮಾವನ ಕಡೆ ತಿರುಗಿ ನೋಡಿದಳು. ಮಾವನಿಗೆ ಉರ್ದು ಬರುತ್ತಿತ್ತು, ಸುಳ್ಳಲ್ಲ. ಆದರೆ ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದು ಎರಡು ವರ್ಷವಾಗಿತ್ತು, ಅದು ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಒಂದು ದಿನ ಮಜ್ಜಿಗೆಯೆಂದು ಸುಣ್ಣದ ನೀರಿನ ತಂಬಿಗೆ ಎತ್ತಿದವನ ಕೈ ಹಿಡಿದು ನಿಲ್ಲಿಸಿದವಳು ಅವಳೇ. ಅವತ್ತು ಅವಳ ಕೈಗೆ ವಿಭೂತಿ ಗಟ್ಟಿ ಕೊಟ್ಟು ಆಣೆ ಮಾಡಿಸಿಕೊಂಡಿದ್ದ. "ಓದಾಕ ಬರಲಾರದ ಮುನ್ಷಿ ಅಂದ್ರ ಊರು ನಗ್ತದ. ಅಂವನೂ ನಗ್ತಾನ. ಯಾರ ಮುಂದೂ ಅನಬ್ಯಾಡ." ಅಂದಿನಿಂದ ಅವನು ನಡೆಯುವ ದಾರಿಯಲ್ಲಿ ಬಿಂದಿಗೆ ಇಡದ ಹಾಗೆ, ಬಡಿಸುವಾಗ ಯಾವುದು ಎಲ್ಲಿದೆ ಅನ್ನುವುದನ್ನು ಮೆಲ್ಲಗೆ ಅಂದುಬಿಡುವ ಹಾಗೆ ಅವಳು ಮನೆಯನ್ನು ತಿದ್ದಿಟ್ಟಿದ್ದಳು.

ಮರುದಿನ ಮಾವನ ಧೋತರ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋದಳು.

"ಮಾವಾರ, ಬ್ಯಾಡ ಅನ್ರಿ. ಜ್ವರ ಬಂದದ ಅನ್ರಿ."

"ಏಳು ವರ್ಷ ಆದ ಮ್ಯಾಲ ಮಗ ಅಪ್ಪಾ ಅಂದಾನ. ಜ್ವರ ಅನ್ನು ಅಂತೀ ಏನವ್ವ?"

"ನಿಮಗ ಕಾಣೂದಿಲ್ಲಲ್ರೀ."

"ಬಿಸಿಲಿನಾಗ ಕಾಣ್ತದ. ನೀ ನನ್ನ ಜೋಡಿ ಬಾ. ಬಿಸಿಲಿಗಿ ಕುಂದರಸು, ಸಾಕು."

ಮೂವರೂ ಹೋದಾಗ ಕಮಲಾಪುರದಲ್ಲಿ ಮಿಸ್ತ್ರಿಯ ಅಂಗಡಿ ಮುಚ್ಚಿತ್ತು, ಹಿಂದೆಯೇ ಮನೆ. ಅಂಗಳದಲ್ಲಿ ಹಳೆಯ ಟೈರು, ಒಂದು ಬೇವಿನ ಗಿಡ. ನೆರಳಿನಲ್ಲಿ ಹಾಕಿದ್ದ ಹಗ್ಗದ ಮಂಚವನ್ನು ಕಸ್ತೂರಿಬಾಯಿ ಬಿಸಿಲಿಗೆ ಎಳೆದಳು. "ಮಾವಾರಿಗಿ ಥಂಡಿ," ಎಂದಳು.

ಖುರ್ಷೀದ್ ಬೇಗಂ ದಪ್ಪ ಪುಸ್ತಕ ತಂದು ಒಂದು ಪುಟ ತೆಗೆದಳು. "ಮಿಸ್ತ್ರಿ ಸಾಹೇಬರು ಗಾಡಿ ನಂಬರಿನ ಮ್ಯಾಲ ಬರದಾರ. ನಾ ಓದ್ಲೇನು?"

"ತ್ರಾಸ ತಗೋಬ್ಯಾಡ್ರಿ," ಎಂದು ದೌಲಪ್ಪ ಕೈ ಚಾಚಿದ. "ನಮಗ ಬರ್ತದ."

"ನಮ್ಮಪ್ಪ ಮುನ್ಷಿ ಇದ್ರು," ಎಂದ ದೇವೀಂದ್ರಪ್ಪ. ಅವನ ಎದೆ ಉಬ್ಬಿದ್ದನ್ನು ಕಸ್ತೂರಿಬಾಯಿ ನೋಡಿದಳು. ಮದುವೆಯಾದಂದಿನಿಂದ ಅವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

ಕೈ ಬದಲಾಗುವಾಗ ಪುಟಗಳು ಸರಿದವು. ದೌಲಪ್ಪ ಪುಸ್ತಕವನ್ನು ಮೂಗಿನ ಹತ್ತಿರ ತಂದ, ದೂರ ಒಯ್ದ, ಬೆರಳನ್ನು ಬಲಗಡೆಯಿಂದ ಎಡಗಡೆಗೆ ನಿಧಾನ ಎಳೆದ.

"ಆಯಿಲ್ ಬದಲಿ... ಫಿಲ್ಟರ್ ಬದಲಿ... ಇಲ್ಲಿ ಬ್ರೇಕ್ ಬಿಗಿ ಮಾಡ್ಯಾನ... ಮುಂದ ಮತ್ತ ಆಯಿಲ್." ಬೆರಳು ಪುಟದ ತುದಿಗೆ ಬಂತು. "ಬಾಕಿ ಸಬ್ ಠೀಕ್ ಅಂತ ಬರದಾನ."

ಖುರ್ಷೀದ್ ಬೇಗಂ ಪುಟ ನೋಡಿದಳು, ಮುದುಕನ ಮುಖ ನೋಡಿದಳು, ಆಮೇಲೆ ಕಸ್ತೂರಿಬಾಯಿಯನ್ನು ನೋಡಿದಳು. ತಲೆಯ ಮೇಲಿನ ದುಪಟ್ಟಾ ಮುಂದಕ್ಕೆಳೆದುಕೊಂಡು, "ಚಾ ತರ್ತೀನಿ" ಎಂದು ಒಳಗೆ ಹೋದಳು.

"ರೀ," ಎಂದಳು ಕಸ್ತೂರಿಬಾಯಿ. "ಆ ಬಾಯಿ ಕಡಿಂದನೂ ಒಮ್ಮಿ ಓದಸ್ರಿ."

"ಅಪ್ಪ ಓದಿದ ಮ್ಯಾಲ ಮತ್ತ ಯಾಕ?"

ದೌಲಪ್ಪನ ಕೈ ಅವಳ ಮಣಿಕಟ್ಟು ಹುಡುಕಿ ಹಿಡಿದುಕೊಂಡಿತು. ಬಳೆ ಒತ್ತುವಷ್ಟು ಗಟ್ಟಿಯಾಗಿ.

ಜೀಪು ಮನೆಗೆ ಬಂತು. ಜಗದೇವಿಯ ಮದುವೆಗೆಂದು ಬ್ಯಾಂಕಿನಲ್ಲಿಟ್ಟದ್ದು ಹೋಯಿತು. ಶರಣಬಸಪ್ಪನ ಗುಡಿಯ ಮುಂದೆ ಪೂಜೆ ಮಾಡಿಸಿ, ನಾಲ್ಕು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಮೂರು ಪಚಕ್ಕೆಂದು ಒಡೆದವು. ಮುಂದಿನ ಎಡಗಾಲಿಯದು ಜಾರಿ ಹೊರಗೆ ಉರುಳಿತು. ದೇವೀಂದ್ರಪ್ಪ ನಕ್ಕು ಅದನ್ನು ಕಾಲಿನಿಂದ ಮತ್ತೆ ಒಳಗೆ ತಳ್ಳಿ ಹತ್ತಿಸಿದ. ಕಸ್ತೂರಿಬಾಯಿ ಮಾತ್ರ ತೆಂಗಿನ ಚೂರನ್ನು ತಿನ್ನದೆ ಸೆರಗಿಗೆ ಕಟ್ಟಿಕೊಂಡಳು.

ಮನೆ ಬದಲಾಯಿತು. ಅಪ್ಪ ಮಗ ಮಾತಾಡತೊಡಗಿದರು. ಮೊದಮೊದಲು ಡೀಸೆಲ್ಲಿನ ಮಾತು, ಆಮೇಲೆ ಮಾರುಕಟ್ಟೆಯ ಮಾತು. ಕೊನೆಗೆ ಒಂದು ದಿನ ಆ ದಂಡದ ಮಾತು ಕೂಡ ಬಂತು. "ನೀವು ರಸೀದಿ ಹರದ ಸಪ್ಪಳ ಬೀದರಿಗಿ ಕೇಳಿತ್ತು ಬಿಡ್ರಿ" ಎಂದು ಮಗ ಅಂದ, ಅಪ್ಪ ನಕ್ಕ. ಸೂಗಮ್ಮ ದೇವರಿಗೆ ಎರಡು ದೀಪ ಹಚ್ಚತೊಡಗಿದಳು. ಎಳ್ಳು ಅಮಾವಾಸ್ಯೆಗೆ ಎಲ್ಲರೂ ಜೀಪಿನಲ್ಲೇ ಶರಣಸಿರಸಗಿಯ ಚಿಕ್ಕಮ್ಮನ ಹೊಲಕ್ಕೆ ಹೋದರು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗಿ ಕಟ್ಟಿಕೊಂಡು, ಜೋಳದ ಬೆಳೆಯ ನಡುವೆ ಭೂಮಿತಾಯಿಗೆ ಚರಗ ಚೆಲ್ಲಿ, ಅಪ್ಪ ಮಗ ಒಂದೇ ಪಂಕ್ತಿಯಲ್ಲಿ ಕೂತು ಉಂಡರು.

"ಈ ಜೀಪು ನಮ್ಮನಿಗಿ ಬಂದ ಸೊಸಿ ನೋಡು," ಅಂದಳು ಸೂಗಮ್ಮ. "ಏಳು ವರ್ಷದಾಗ ನಿನ್ನ ಕಡಿಂದ ಆಗಲಾರದ್ದು ಅದು ಮಾಡ್ತು."

ಕಸ್ತೂರಿಬಾಯಿ ನಕ್ಕಳು. ಬರುವಾಗ ದಾರಿಯುದ್ದಕ್ಕೂ ಸೀಟಿನ ಕಬ್ಬಿಣ ಹಿಡಿದ ಕೈ ಬಿಡಲಿಲ್ಲ. ತಿರುವಿನಲ್ಲಿ ಮುಂದೆ ಎಲ್ಲೋ ಕೆಳಗೆ 'ಕಟಕ್' ಅನ್ನುತ್ತಿತ್ತು. ಒಮ್ಮೆ ಅನ್ನುತ್ತಿತ್ತು, ಮುಂದಿನ ಮೂರು ತಿರುವಿಗೆ ಸುಮ್ಮನಿರುತ್ತಿತ್ತು, ಮತ್ತೆ ಅನ್ನುತ್ತಿತ್ತು.

"ಅದೇನ್ರೀ ಸಪ್ಪಳ?"

"ಹಳೇ ಗಾಡಿ. ಕೆಮ್ಮೂದಿಲ್ಲೇನು?"

"ಎಡಕ್ಕನೂ ಎಳೀತದ, ಅವ್ವಾ," ಎಂದಳು ಜಗದೇವಿ. "ಅದರ ತವರಮನಿ ಆ ಕಡಿ ಅದ ಅಂತ ಕಾಣ್ತದ. ಯಾವಾಗ ನೋಡಿದ್ರೂ ಅತ್ತಾಗೇ ಹೋಗ್ತೀನಂತದ."

ಎಲ್ಲರೂ ನಕ್ಕರು. ದೌಲಪ್ಪನೂ ನಕ್ಕ, ಸ್ವಲ್ಪ ತಡವಾಗಿ.

ಮುಂಜಾನೆ ಏಳೂವರೆಗೆ ಜೀಪು ಹೊರಡುತ್ತಿತ್ತು. ಮುಂದೆ ದೇವೀಂದ್ರಪ್ಪ, ಅವನ ಬಾಜು ಜಗದೇವಿ, ಹಿಂದೆ ಐದು ಜನ ಟೀಚರು. ಓಣಿಯ ತಿರುವಿನಲ್ಲಿ ಸಪ್ಪಳ ಆರುವ ತನಕ ಕಸ್ತೂರಿಬಾಯಿ ಬಾಗಿಲು ಬಿಡುತ್ತಿರಲಿಲ್ಲ. ಸಂಜೆ ಐದೂವರೆಗೆ ಬರಬೇಕು. ಐದು ಗಂಟೆಯಿಂದಲೇ ಅವಳ ಕಿವಿ ಓಣಿಯಲ್ಲಿರುತ್ತಿತ್ತು. ಐದೂ ಮುಕ್ಕಾಲಾದರೆ ಬಾಗಿಲಿಗೆ ಹೋಗಿ ಬರುತ್ತಿದ್ದಳು. ಆರಾದರೆ ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು.

"ಜೋಳ ಏನ್ ಪುಕ್ಕಟ ಬಂದದೇನ?" ಎಂದು ಸೂಗಮ್ಮ ಕರಕು ರೊಟ್ಟಿಯನ್ನು ಗೋಡೆಗೆ ನಿಲ್ಲಿಸಿ ತೋರಿಸುತ್ತಿದ್ದಳು. "ಯಾವ ಚಿಂತ್ಯಾಗ ಇರ್ತಿ? ಗಂಡ ದುಡದು ತರಾಕತ್ಯಾನ, ಮನ್ಯಾಗ ಮಾತು ಹುಟ್ಟ್ಯದ. ಉಂಡರ ಮೈಗೆ ಹತ್ತವಲ್ದು ನಿನಗ."

ಮೈಗೆ ಹತ್ತುತ್ತಿರಲಿಲ್ಲ ಅನ್ನುವುದು ಖರೆ. ನಾಲ್ಕನೇ ವಾರ ಬಳೆಗಳು ಮೊಣಕೈ ತನಕ ಜಾರತೊಡಗಿದವು.

ಒಂದು ಮಧ್ಯಾಹ್ನ ಅತ್ತೆ ಮಗ್ಗುಲ ಮನೆಗೆ ಹೋದಾಗ ಮಾವನ ಮುಂದೆ ಕೂತಳು.

"ಮಾವಾರ, ಖರೆ ಹೇಳ್ರಿ. ಅವತ್ತ ನಿಮಗ ಅಕ್ಷರ ಕಂಡ್ವೇನು?"

ದೌಲಪ್ಪ ಧೋತರದ ಅಂಚು ಸರಿಮಾಡಿಕೊಂಡ. "ಗೆರಿ ಕಂಡ್ವು," ಎಂದ.

"ಅಕ್ಷರ?"

"ಗೆರಿ ನೆಟ್ಟಗಿದ್ವು, ಕಸ್ತೂರಿ. ಒಂದೂ ಸೊಟ್ಟ ಇದ್ದಿಲ್ಲ. ಗಾಡಿ ಕೆಟ್ಟಿದ್ರ ಮಿಸ್ತ್ರಿ ಕೈ ಅಷ್ಟು ನೆಟ್ಟಗ ಓಡ್ತಿತ್ತೇನು?"

"ಅದರಾಗ ನಿಮ್ಮ ಮೊಮ್ಮಗಳು ಕೂಡ್ತಾಳ್ರೀ!"

"ಐದು ವಾರ ಆತು, ಏನಾಗ್ಯದ?" ಎಂದು ದನಿ ಏರಿಸಿದ. ಮರುಗಳಿಗೆಯೇ ಇಳಿಸಿದ. "ಅಂವ ನಿನ್ನಿ ನನ್ನ ಎಲಿಗಿ ತಾನೇ ತುಪ್ಪ ಹಾಕ್ದ. ನೋಡಿದ್ಯೋ ಇಲ್ಲೋ?"

ಮರುದಿನ ಗುರುವಾರ. "ಸಿರಸಗಿ ಚಿಕ್ಕಮ್ಮಗ ಮೈಯಾಗ ಆರಾಮಿಲ್ಲಂತ, ನೋಡ್ಕೊಂಡು ಬರ್ತೀನ್ರಿ" ಎಂದು ಅತ್ತೆಗೆ ಸುಳ್ಳು ಹೇಳಿ ಅವಳು ಮಧ್ಯಾಹ್ನ ಕಮಲಾಪುರದ ಬಸ್ಸು ಹತ್ತಿದಳು. ಒಬ್ಬಳೇ ಅಷ್ಟು ದೂರ ಬಸ್ಸಿನಲ್ಲಿ ಹೋದದ್ದು ಅದೇ ಮೊದಲು. ಹುಮನಾಬಾದ ರಸ್ತೆಯಲ್ಲಿ ಎದುರಿಗೆ ಬರುವ ಪ್ರತಿ ಜೀಪೂ ಗಂಡನದೇ ಅನ್ನಿಸಿ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ಕಡೆ ರಸ್ತೆಯ ಬಾಜು ತಗ್ಗಿನಲ್ಲಿ ಒಂದು ಲಾರಿ ಗಾಲಿ ಮೇಲೆ ಮಾಡಿ ಬಿದ್ದಿತ್ತು. ಬಸ್ಸಿನವರೆಲ್ಲ ಎದ್ದು ನೋಡಿದರು. ಅವಳು ಕಣ್ಣು ಮುಚ್ಚಿಕೊಂಡಳು.

ಖುರ್ಷೀದ್ ಬೇಗಂ ಅವಳನ್ನು ನೋಡಿ ಒಳಗೆ ಕರೆದಳು. ಟ್ರಂಕು ತೆರೆದಳು, ಪುಸ್ತಕ ತೆಗೆದಳು, ಪುಟ ಹುಡುಕಿದಳು. ಮೊದಲು ತಾನು ಓದಿಕೊಂಡಳು, ಆಮೇಲೆ ಒಂದೊಂದೇ ಮಾತನ್ನು ಕನ್ನಡ ಮಾಡಿ ಹೇಳಿದಳು.

"ಮುಂದಿನ ಆಕ್ಸಲ್, ಎಡಗಡಿ, ಗಾಲಿ ಹತ್ರ ಬಿರಕು ಬಿಟ್ಟದ. ರೋಡ್ ರೋಲರಿಗಿ ಬಡದದ್ದು. ವೆಲ್ಡಿಂಗ್ ಮಾಡೀನಿ. ಇದು ಕೆಲಸ ನಡ್ಯಾಕ ಅಷ್ಟೇ. ಭಾರ ಹಾಕಬಾರದು, ಜೋರು ಓಡಸಬಾರದು. ಹೊಸಾದು ಹಾಕಲಿಲ್ಲಂದ್ರ ಒಂದಿನ ಗಾಲಿ ಕಳಚಿ ಹೋಗ್ತದ. ಗೋಪಾಲರಾಯರಿಗಿ ಎರಡು ಸಲ ಹೇಳೀನಿ."

"ಮುಂದ? ಹೊಸಾದು ಹಾಕಿದ್ದು?"

"ಇದರ ಮುಂದ ಆ ನಂಬರಿನ ಗಾಡಿ ಈ ಪುಸ್ತಕದಾಗೇ ಇಲ್ಲ, ಬೇಟಿ."

ರಾಯರ ಪುಸ್ತಕದಲ್ಲೂ ಇರಲಿಲ್ಲ. ಫೆಬ್ರುವರಿಯಿಂದ ಈಚೆ ಎಲ್ಲ ಸಾಲುಗಳನ್ನೂ ಅವಳು ಓದಿದ್ದಳು. ಆಯಿಲು, ಫಿಲ್ಟರು, ಬ್ರೇಕು, ಅಷ್ಟೇ.

"ಅವತ್ತ ನಮ್ಮ ಮಾವಾರು ಓದಿದ್ದು..."

"ಅವರ ಬೆರಳಿದ್ದದ್ದು ಬ್ಯಾರೆ ಪುಟದ ಮ್ಯಾಲ. ಅದು ಯಾರದೋ ಟ್ರ್ಯಾಕ್ಟರಿಂದು."

"ಗೊತ್ತಿದ್ದೂ ನೀವ್ ಯಾಕ ಅನ್ಲಿಲ್ಲ?"

"ಮಗನ ಮುಂದ ಹಿರೇರ ಇಜ್ಜತ್ ಹೆಂಗ ತಗೀಲಿ ನಾನು?" ಎಂದಳು ಖುರ್ಷೀದ್ ಬೇಗಂ. "ನೀ ಬಾಜೂಕ ನಿಂತಿದ್ದಿ. ನಿನ್ನ ಮಾರಿ ನೋಡಿದ್ರ ನಿನಗ ಮಾಲೂಮ್ ಅದ, ಎಲ್ಲಾ ಗೊತ್ತದ ಅಂತ ಅನಸ್ತು. ಮನಿಗಿ ಹೋಗಿ ಹೇಳ್ತಾಳ ಅಂದುಕೊಂಡೆ. ನೀ ಯಾಕ ಹೇಳ್ಲಿಲ್ಲ?"

ಹೊರಗೆ ಎಲ್ಲೋ ಶಾಲೆ ಬಿಟ್ಟ ಗಂಟೆ ಬಾರಿಸಿತು. ಕಸ್ತೂರಿಬಾಯಿ ಎದ್ದಳು, ಪುಸ್ತಕ ಎದೆಗೆ ಒತ್ತಿಕೊಂಡಳು, ಚಪ್ಪಲಿ ಮೆಟ್ಟುವುದನ್ನೂ ಮರೆತು ಗಂಡನ ಜೀಪು ನಿಲ್ಲುವ ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ಬುರ್ಖಾ ಹಾಕಿಕೊಳ್ಳುತ್ತ ಖುರ್ಷೀದ್ ಬೇಗಂ ಹಿಂದೆ ಬಂದಳು.

ಜೀಪು ತುಂಬಿತ್ತು. ಮೇಲೆ ಹಗ್ಗ ಬಿಗಿದ ಗೊನೆಗಳು, ಹಿಂದೆ ಟೀಚರುಗಳು, ಅವರ ಕಾಲ ಹತ್ತಿರವೂ ಗೊನೆಗಳು. ಎಂಜಿನ್ ಸುರುವಾಗಿತ್ತು. ಕಸ್ತೂರಿಬಾಯಿ ಬಾನೆಟ್ಟಿನ ಮುಂದೆ ಹೋಗಿ ಎರಡೂ ಕೈ ಅದರ ಮೇಲಿಟ್ಟು ನಿಂತಳು. ಬಿಸಿ ಕಬ್ಬಿಣ ಅಂಗೈಯೊಳಗೆ ನಡುಗುತ್ತಿತ್ತು.

"ನೀ ಇಲ್ಲಿ?" ದೇವೀಂದ್ರಪ್ಪ ಕತ್ತು ಹೊರಗೆ ಹಾಕಿದ. "ಅವ್ವಗ ಏನರ ಆತೇನು?"

"ಇಳೀರಿ. ಎಲ್ಲಾರೂ ಇಳೀರಿ. ಜಗದೇವಿ, ಇಳಿ."

"ಬಸ್ ಹೋದ ಮ್ಯಾಲ ಇಳಸಾಕತ್ತೀರಲ್ರೀ, ಕಾಕಿ," ಎಂದು ಹಿಂದಿನಿಂದ ಒಬ್ಬ ಟೀಚರು ನಕ್ಕಳು.

"ಹಾದ್ಯಾಗ ನಿಂತು ತಮಾಷಿ ಮಾಡಬ್ಯಾಡ, ಬಾಜೂಕ ಸರಿ," ಎಂದ ದೇವೀಂದ್ರಪ್ಪ.

"ಗಾಲಿ ಕಳಚಿ ಬೀಳ್ತದಂತ ಬರದದ್ರಿ ಇದರಾಗ. ಆಕ್ಸಲ್ ಬಿರದದ."

"ಯಾರು ಅಂದ್ರು? ಅಪ್ಪ ಓದಿ ಹೇಳ್ಯಾರ."

"ಅವರಿಗಿ ಕಣ್ಣು ಕಾಣೂದಿಲ್ಲ."

ಹಿಂದಿನ ಟೀಚರುಗಳು ಸೀಟಿನಿಂದ ಬಗ್ಗಿ ನೋಡಿದರು.

"ಎರಡು ವರ್ಷ ಆತು," ಎಂದಳು. ಈಗ ಅವಳ ದನಿ ಸಣ್ಣಗಾಗಿತ್ತು. "ನನಗ ಗೊತ್ತಿತ್ತು."

ದೇವೀಂದ್ರಪ್ಪ ಎಂಜಿನ್ ಬಂದ್ ಮಾಡಿದ. ಇಳಿದು ಬಂದ. ಅವಳು ಚಾಚಿದ ಪುಸ್ತಕ ಮುಟ್ಟಲಿಲ್ಲ. ಸೀಟಿನ ಕೆಳಗಿಂದ ಒಂದು ಅರಿವೆ ಚೂರು, ಒಂದು ಸ್ಕ್ರೂ ಡ್ರೈವರ್ ತೆಗೆದುಕೊಂಡು ಎಡಗಾಲಿಯ ಹಿಂದೆ ಅಂಗಾತ ಮಲಗಿ ಒಳಗೆ ಸರಿದ. ಅವನ ಕಾಲು ಮಾತ್ರ ಕಾಣುತ್ತಿತ್ತು. ಕರಿ ಬಣ್ಣ ಕೆರೆಯುವ ಸಪ್ಪಳ ಕೇಳಿತು, ನಿಂತಿತು. ಎಷ್ಟೋ ಹೊತ್ತು ಅವನು ಹೊರಗೆ ಬರಲಿಲ್ಲ.

ಬಂದಾಗ ಮುಖದ ಮೇಲೆಲ್ಲ ಕರಿ ಹೊಟ್ಟು ಉದುರಿತ್ತು. ಟೀಚರುಗಳ ಕಡೆ ತಿರುಗಿ, "ಮುಂದಿನ ಬಸ್ಸಿಗಿ ಹೋಗ್ರಿ," ಎಂದ. ಮಗಳ ತೋಳು ಹಿಡಿದು ಜೀಪಿನಿಂದ ದೂರ ಕರೆದೊಯ್ದು ನಿಲ್ಲಿಸಿದ, ಸಣ್ಣ ಹುಡುಗಿಯನ್ನು ನಿಲ್ಲಿಸುವ ಹಾಗೆ.

ಬಸ್ಸಿನಲ್ಲಿ ಅವನು ಹೆಂಡತಿಯ ಬಾಜು ಕೂತ. ಮಹಾಗಾಂವ ದಾಟಿದ ಮೇಲೆ ಬಾಯಿ ಬಿಟ್ಟ.

"ಗೊತ್ತಿದ್ದೂ ಐದು ವಾರ ದಿನಾ ಮುಂಜಾನಿ ಬಾಗಲಾಗ ನಿಂತು ಕಳಿಸಿದಿ. ನನ್ನ ಬಿಡು. ನಮ್ಮ ಮಗಳನ್ನ."

ಅವಳು ಅಳಲಿಲ್ಲ. ಅಳುವುದಕ್ಕೂ ಹಕ್ಕು ಬೇಕು.

ಮನೆಯಲ್ಲಿ ದೇವೀಂದ್ರಪ್ಪ, "ಗಾಡಿ ರಿಪೇರಿಗಿ ಬಿಟ್ಟೀನಿ" ಎಂದಷ್ಟೇ ಹೇಳಿದ. ಜಗದೇವಿಗೂ ಬಾಯಿ ಬಿಡಬೇಡ ಎಂದಿದ್ದ. ಮೂರು ದಿನ ಹೆಂಡತಿ ಬಡಿಸಿದ್ದನ್ನು ಉಂಡ, ಅವಳೊಡನೆ ಮಾತಾಡಲಿಲ್ಲ. ಅಪ್ಪನೊಡನೆಯೂ ಮಾತು ಕಡಿಮೆ. ಆದರೆ ಅಪ್ಪ ಏಳುವಾಗ, ಕೂರುವಾಗ, ತಂಬಿಗೆಗೆ ಕೈ ಚಾಚುವಾಗ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ಮೊದಲ ಸಲ ನೋಡುವವನ ಹಾಗೆ. ಕಸ್ತೂರಿಬಾಯಿಗೆ ಜೀಪಿನ ಹೆದರಿಕೆ ಹೋಗಿ ಈಗ ಆ ನೋಟದ ಹೆದರಿಕೆ ಹಿಡಿಯಿತು. ಯಾವ ಊಟದ ಹೊತ್ತಿಗೆ ಬಾಯಿ ತೆರೆಯುತ್ತಾನೋ, ಏನಂದುಬಿಡುತ್ತಾನೋ. ಮುದುಕ ಅದನ್ನು ಕೇಳಿ ಉಳಿದಾನೆಯೇ.

"ಯಾರ ದೃಷ್ಟಿ ಬಿತ್ತೋ," ಎಂದು ಸೂಗಮ್ಮ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು.

ಆದಿತ್ಯವಾರ ಮಧ್ಯಾಹ್ನ ದೇವೀಂದ್ರಪ್ಪ ಕಮಲಾಪುರದಿಂದ ಬಂದ. ಗೋಣಿತಟ್ಟಿನಲ್ಲಿ ಸುತ್ತಿದ ಏನನ್ನೋ ಪಡಸಾಲೆಗೆ ತಂದು, ಅಪ್ಪನ ಎದುರು ಕೂತು ಬಿಚ್ಚಿದ. ಕಬ್ಬಿಣದ ತುಂಡು, ಮೊಳಕೈ ಗಾತ್ರದ್ದು. ಜಗದೇವಿ ತನ್ನ ಮುತ್ಯಾ ದೌಲಪ್ಪನಿಗೆ ನೀರು ತಂದವಳು ಅಲ್ಲೇ ನಿಂತಳು. ಕಸ್ತೂರಿಬಾಯಿ ಅಡುಗೆಮನೆಯ ಬಾಗಿಲು ಹಿಡಿದುಕೊಂಡಳು.

"ಅಪ್ಪಾ, ಕೈ ಕೊಡ್ರಿ."

"ಏನದು?"

"ಮುಟ್ಟಿ ನೋಡ್ರಿ." ಅವನು ಅಪ್ಪನ ಬೆರಳು ಹಿಡಿದು ಕಬ್ಬಿಣದ ಮುರಿದ ಬಾಯಿಯ ಮೇಲೆ ಇಟ್ಟ. ಬಯ್ಯುವ ದನಿಯಲ್ಲ ಅದು. ಕೂಸಿಗೆ ದಾರಿ ತೋರಿಸುವ ದನಿ. "ಇಲ್ಲಿ ಖರಖರ ಅದಲ್ಲ, ಅದು ಹಳೇ ಬಿರಕು. ತುಕ್ಕು ಹಿಡದದ. ಇಲ್ಲಿಂದ ಇಲ್ಲಿ ತನಕ ನುಣ್ಣಗದ ನೋಡ್ರಿ, ಉಗರಿನಷ್ಟು. ಇಷ್ಟೇ ಹಿಡದಿತ್ತು. ಅಲ್ಲಿನ ಬ್ಯಾರೆ ಮಿಸ್ತ್ರಿ ಒಮ್ಮಿ ಸುತ್ತಿಗಿ ಬಡದ, ಎರಡು ತುಂಡಾತು."

ದೌಲಪ್ಪನ ಬೆರಳು ಉಗುರಿನಷ್ಟು ಜಾಗದ ಮೇಲೆ ಹೋಯಿತು, ಬಂತು. ಮತ್ತೆ ಹೋಯಿತು.

"ಪುಸ್ತಕದಾಗ ಬರದಿತ್ತೇನು?"

"ಬರದಿತ್ರಿ."

"ಏನಂತ?"

"ಗಾಲಿ ಕಳಚಿ ಹೋಗ್ತದ ಅಂತ."

ಮುದುಕನ ಕೈ ಕಬ್ಬಿಣವನ್ನು ಬಿಡಲಿಲ್ಲ. ಇದ್ದಕ್ಕಿದ್ದಂತೆ ಅವನು ಮುಖ ಎತ್ತಿದ.

"ಜಗದೇವಿ ಎಲ್ಲಿ?"

ಯಾರಿಗೂ ತಕ್ಷಣ ತಿಳಿಯಲಿಲ್ಲ.

"ಜಗದೇವಿ ಎಲ್ಲಿ ಹೋಗ್ಯಾಳ? ಯಾವ ಗಾಡಿಗಿ ಹೋದ್ಳು? ಕಸ್ತೂರಿ, ಹುಡುಗಿ ಎಲ್ಲಿ?" ದನಿ ಚೀರುವಷ್ಟು ಏರಿತು. ಕಣ್ಣುಗಳು ಹುಡುಗಿಯನ್ನು ದಾಟಿ, ಬಾಗಿಲನ್ನು ದಾಟಿ, ಬಿಸಿಲು ಬಿದ್ದ ಗೋಡೆಯ ಮೇಲೆ ಅತ್ತಿತ್ತ ಹುಡುಕುತ್ತಿದ್ದವು.

ಸೂಗಮ್ಮ ಗಂಡನ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು, ನೆಲಕ್ಕೆ ಕೂತುಬಿಟ್ಟಳು.

ಜಗದೇವಿ ನೀರಿನ ತಂಬಿಗೆಯನ್ನು ಕೆಳಗಿಟ್ಟಳು. ಒಂದು ಮೊಳ ದೂರದಲ್ಲಿ ಬಗ್ಗಿ, ಗಾಳಿಯಲ್ಲಿ ತಡಕಾಡುತ್ತಿದ್ದ ಆ ಕೈಯನ್ನು ತನ್ನ ಕೆನ್ನೆಗೆ ಹಿಡಿದಳು.

"ನಿಮ್ಮ ಮುಂದಽ ನಿಂತೀನಿ, ಮುತ್ಯಾ."